ಇಳಿದು ಹತ್ತುವವರ ಲೆಕ್ಕ

ಕಂಡಕ್ಟರ್ ಆಗಿ ಸೇರಿದೆ, ಕಂಟ್ರೋಲರ್ ಆದೆ, ಕೊನೆಯ ಕೆಲವು ವರ್ಷ ಶೆಡ್ಯೂಲ್ ಬರೆಯುವ ಟೇಬಲ್ಲಿಗೆ ಕೂತು ನಿವೃತ್ತನಾದೆ. ಯಾವ ಡಿಪೊ, ಯಾವ ಸಾಹೇಬರ ಕಾಲ ಎಂಬುದು ಬೇಡ. ಕೆಳಗೆ ಬರುವ ತಪ್ಪುಗಳೆಲ್ಲ ನನ್ನವೇ.

ಈಗ ಶಲವಡಿಯಲ್ಲಿದ್ದೇನೆ. ಊರವರು ಈಗಲೂ ನನ್ನನ್ನು ಹಿಡಿದು ನಿಲ್ಲಿಸಿ ಕೇಳುವುದು ಒಂದೇ ಮಾತು: "ಅಣ್ಣಾರ, ಧಾರವಾಡಕ್ಕ ಹೋಗಾಕ ಎಷ್ಟು ಕಡೆ ಇಳಿದು ಹತ್ತಬೇಕ್ರಿ?" ಊರಿಂದ ಅಣ್ಣಿಗೇರಿಗೆ ಒಂದು ಗಾಡಿ, ಅಲ್ಲಿಂದ ಹುಬ್ಬಳ್ಳಿಗೆ ಒಂದು, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮತ್ತೊಂದು. ಕೆಲವೊಮ್ಮೆ ಹುಬ್ಬಳ್ಳಿಯೊಳಗೇ ಈ ಸ್ಟ್ಯಾಂಡಿನಿಂದ ಆ ಸ್ಟ್ಯಾಂಡಿಗೆ ಇನ್ನೂ ಒಂದು. ಅಣ್ಣಿಗೇರಿ ತಾಲ್ಲೂಕಾದ ಮೇಲೆ ಸಣ್ಣಪುಟ್ಟ ಕಾಗದದ ಕೆಲಸ ಹತ್ತಿರ ಬಂತು, ನಿಜ. ಆದರೆ ಡಿಸಿ ಆಫೀಸು ಧಾರವಾಡದಲ್ಲಿ, ಯುನಿವರ್ಸಿಟಿ ಧಾರವಾಡದಲ್ಲಿ, 2008ರಿಂದ ಹೈಕೋರ್ಟ್ ಪೀಠವೂ ಅಲ್ಲೇ. ದೊಡ್ಡ ದವಾಖಾನೆ, ಅಮರಗೋಳದ ಎಪಿಎಂಸಿ ಹುಬ್ಬಳ್ಳಿ ಕಡೆ. ಹಾಗಾಗಿ ಪಟ್ಟಣದ ಬಸ್ಸಿನ ದಾರಿ ತಿರುಗಿಸಿದರೆ ಎರಿಹೊಲದ ನಡುವಿನ ಈ ಊರಿನಲ್ಲಿ ಯಾರೋ ಅರ್ಧ ಗಂಟೆ ಮೊದಲೇ ಏಳಬೇಕಾಗುತ್ತದೆ. ಶೆಡ್ಯೂಲ್ ಬರೆಯುವಾಗ ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು, ಲೆಕ್ಕಕ್ಕೆ ಹಿಡಿದಿರಲಿಲ್ಲ.

1.
ಬಸ್ಸಿನಲ್ಲಿ ಕೂತವರನ್ನು ಎಣಿಸುವುದನ್ನು ನಮಗೆ ಮೊದಲ ದಿನವೇ ಕಲಿಸುತ್ತಾರೆ. ಲೋಡ್ ಫ್ಯಾಕ್ಟರ್, ಕಿಲೋಮೀಟರಿಗೆ ಎಷ್ಟು ಗಳಿಕೆ, ಯಾವ ಸ್ಟೇಜಿನಲ್ಲಿ ಎಷ್ಟು ಟಿಕೆಟ್. ಇಳಿದವರು ಎಲ್ಲಿಗೆ ಹೋದರು ಎಂಬುದನ್ನು ಯಾವ ಫಾರ್ಮೂ ಕೇಳುವುದಿಲ್ಲ. ಗದಗ ರಸ್ತೆಯಿಂದ ಹುಬ್ಬಳ್ಳಿಗೆ ಬರುವ ಗಾಡಿಗಳ ವೇ ಬಿಲ್ ನೋಡಿ, ಎಲ್ಲರೂ ಕೊನೆಯ ಸ್ಟಾಪಿಗೇ ಟಿಕೆಟ್ ತೆಗೆದಿದ್ದಾರೆ, ಅಲ್ಲಿಗೇ ಅವರ ಕೆಲಸ ಎಂದು ವರದಿ ಬರೆದವನು ನಾನು. ಒಂದು ದಿನ ಸುಮ್ಮನೆ ಸ್ಟ್ಯಾಂಡಿನ ಗೇಟಿನಲ್ಲಿ ಒಂದು ತಾಸು ನಿಂತೆ. ಇಳಿದವರಲ್ಲಿ ಮುಕ್ಕಾಲು ಪಾಲು ಮಂದಿ ಚೀಲ ಹೆಗಲಿಗೇರಿಸಿ ಇನ್ನೊಂದು ಬಸ್ ಹುಡುಕುತ್ತ ಓಡುತ್ತಿದ್ದರು. ಅವರ ಪ್ರಯಾಣದ ಅರ್ಧದಲ್ಲಿ ನಾನು ಪೂರ್ಣವಿರಾಮ ಇಟ್ಟಿದ್ದೆ.

2.
ಭಾರತ ಹುಣ್ಣಿಮೆಯ ವಾರ ಪ್ರಯಾಣಿಕರನ್ನು ಎಣಿಸಬೇಡಿ. ನಾನು ಎಣಿಸಿದ್ದೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಜನ ಸೇರಿ ಪ್ರತಿ ಗಾಡಿಯೂ ತುಂಬಿ ತುಳುಕಿತ್ತು. ಆ ಅಂಕಿ ನಂಬಿ ಎರಡು ಟ್ರಿಪ್ ಹೆಚ್ಚಿಗೆ ಹಾಕಿದೆ. ಮುಂದಿನ ತಿಂಗಳು ಅವು ಗಾಳಿ ಹೊತ್ತುಕೊಂಡು ತಿರುಗಿದವು. ಯಮನೂರ ಜಾತ್ರೆ, ಅಮಾವಾಸ್ಯೆ, ಹೆಸರು ಬಿಡಿಸುವ ದಿನ, ಮೆಣಸಿನಕಾಯಿ ಮಾರ್ಕೆಟ್ಟಿಗೆ ಹೋಗುವ ದಿನ, ಇವೆಲ್ಲಕ್ಕೂ ಬೇರೆ ಬೇರೆ ಎಣಿಕೆ ಬೇಕು.

3.
ವಸ್ತಿ ಗಾಡಿಯನ್ನು ರಾತ್ರಿಯ ಟ್ರಿಪ್ ನೋಡಿ ತೂಗಬೇಡಿ. ಇದು ನನಗೆ ತುಟ್ಟಿಯಾಗಿ ಬಿದ್ದ ಪಾಠ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬೆಣ್ಣಿಹಳ್ಳದ ಆಚೆಯ ಒಂದು ಊರಿಗೆ ರಾತ್ರಿ ಒಂಬತ್ತಕ್ಕೆ ಮುಟ್ಟುವ ವಸ್ತಿ ಬಸ್ ಇತ್ತು. ಕಂಡಕ್ಟರ್ ಆಗಿದ್ದಾಗ ನಾನೂ ಅದರಲ್ಲಿ ಹೋಗಿ ಮಲಗಿದವನೇ. ಗುಡಿಯ ಮುಂದೆ ಗಾಡಿ ನಿಂತ ಮೇಲೆ ಒಳಗಿನ ಒಂದೇ ದೀಪದ ಕೆಳಗೆ ಕೂತು ನೋಟುಗಳಿಗೆ ರಬ್ಬರ್ ಹಾಕುತ್ತಿದ್ದೆ. ಚಿಲ್ಲರೆ ಎಣಿಸುವಾಗ ನಾಲ್ಕಾಣೆ ತಪ್ಪಿದರೆ ಮತ್ತೆ ಮೊದಲಿನಿಂದ. ಡ್ರೈವರ್ ಅಷ್ಟರಲ್ಲಿ ಹಿಂದಿನ ಉದ್ದ ಸೀಟಿನ ಮೇಲೆ ಚಾದರ ಹಾಸಿ ಕಿಟಕಿಯಿಂದ ಕಾಲು ಹೊರಗೆ ಚಾಚಿರುತ್ತಿದ್ದ. ಗುಡಿಯ ಪಕ್ಕದ ಮನೆಯಿಂದ ಬುಟ್ಟಿಯಲ್ಲಿ ಎರಡೆರಡು ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಬರುತ್ತಿತ್ತು. ಕೇಳಿ ತರಿಸಿದ್ದಲ್ಲ. ಗಾಡಿ ನಮ್ಮೂರಲ್ಲಿ ಮಲಗಿದೆ, ಗಾಡಿಯವರು ಹಸಿದು ಮಲಗಬಾರದು, ಅಷ್ಟೇ.

ಟೇಬಲ್ಲಿಗೆ ಬಂದ ಮೇಲೆ ಅದೇ ಗಾಡಿಯ ಕಾಗದ ನನ್ನ ಮುಂದೆ ಬಂತು. ಕೊನೆಯ ಟ್ರಿಪ್ಪಿಗೆ ಏಳು ಮಂದಿ. ಮೇಲೆ ಇಬ್ಬರಿಗೆ ನೈಟ್ ಭತ್ಯೆ. ಕೆಂಪು ಪೆನ್ನಿನಿಂದ ಗೀಟು ಎಳೆದು, ಗಾಡಿ ರಾತ್ರಿ ಡಿಪೊಕ್ಕೆ ವಾಪಸ್ ಎಂದು ಬರೆದೆ. ಮೊದಲ ವಾರವೇ ಊರಿನ ಹಿರಿಯರು ನಾಲ್ವರು ಬಂದು ನಿಂತರು. ಒಬ್ಬರು ಕೂತುಕೊಳ್ಳಲೂ ಇಲ್ಲ. "ಸಾಹೇಬ್ರ, ರಾತ್ರಿ ಏಳು ಮಂದಿ ಅಂತ ಗಾಡಿ ತಗದ್ರಿ. ಮುಂಜಾನಿ ಎಪ್ಪತ್ತು ಮಂದಿ ಹತ್ತತಾರಲ್ಲ, ಅವರನ್ನ ಯಾರ ಲೆಕ್ಕಕ್ಕ ಬರದ್ರಿ?"

ಆ ಗಾಡಿ ಬೆಳಗ್ಗೆ ಆರೂಕಾಲಿಗೆ ಊರಿಂದಲೇ ಹೊರಡುತ್ತಿತ್ತು. ಈಗ ಡಿಪೊದಿಂದ ಹೊರಟು ಊರು ಮುಟ್ಟುವಾಗ ಏಳೂಕಾಲು. ಒಂದು ತಾಸಿನ ವ್ಯತ್ಯಾಸದಲ್ಲಿ ಕಾಲೇಜು ಹುಡುಗರ ಮೊದಲ ಪೀರಿಯಡ್ ಹೋಯಿತು, ದವಾಖಾನೆಯ ಚೀಟಿ ಸಾಲಿನಲ್ಲಿ ಮುಂದಿರುತ್ತಿದ್ದವರು ಹಿಂದೆ ಬಿದ್ದರು, ಹಾಲಿನ ಕ್ಯಾನಿನವರು ಟಂಟಂ ಹಿಡಿದರು. ಇಷ್ಟಾಗಿಯೂ ದುಡ್ಡು ಉಳಿಯಿತೇ ಎಂದರೆ ಅದೂ ಇಲ್ಲ. ರಾತ್ರಿ ಖಾಲಿ ವಾಪಸ್, ಬೆಳಗ್ಗೆ ಖಾಲಿ ಹೋಗುವುದು, ಎರಡೂ ಡೆಡ್ ಕಿಲೋಮೀಟರ್. ಭತ್ಯೆಯಲ್ಲಿ ಉಳಿಸಿದ್ದನ್ನು ಡೀಸೆಲ್ಲಿನಲ್ಲಿ ಸುಟ್ಟೆ. ತಿಂಗಳೊಳಗೆ ವಸ್ತಿ ಗಾಡಿ ಮತ್ತೆ ಹಾಕಿದೆವು. ಟಂಟಂಗೆ ಹೋದ ಹಾಲಿನವರು ಮಾತ್ರ ತಿರುಗಿ ಬರಲಿಲ್ಲ.

4.
ಗಣಿತಕ್ಕೆ ಹೆದರುವವರು ಕೂಡ ಈ ಒಂದು ಭಾಗಾಕಾರ ಕಲಿಯಬೇಕು. ಹೋಗಿ ಬರಲು 90 ನಿಮಿಷ ಹಿಡಿಯುವ ಸಿಟಿ ಮಾರ್ಗದಲ್ಲಿ ಹತ್ತು ನಿಮಿಷಕ್ಕೊಂದು ಗಾಡಿ ಬೇಕಾದರೆ 9 ಬಸ್. ಟ್ರಾಫಿಕ್ ಹೆಚ್ಚಿ 110 ನಿಮಿಷ ಹಿಡಿದರೆ ಅದೇ ಸೇವೆಗೆ 11 ಬಸ್. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನಲ್ಲಿ ಗಾಡಿ ಸಿಕ್ಕಿಕೊಂಡಾಗ ಎರಡು ಬಸ್ಸು ಅಲ್ಲೇ ಕರಗಿಹೋದವು ಎಂದು ತಿಳಿಯಬೇಕು. ಆ ಎರಡು ಬಸ್ಸು ಎಲ್ಲಿಂದ ತರುತ್ತೀರಿ? ಹೊಸದು ಬರುವುದಿಲ್ಲ. ಯಾವುದೋ ಹಳ್ಳಿಯ ಮಧ್ಯಾಹ್ನದ ಟ್ರಿಪ್ ಕಿತ್ತು ತರುತ್ತೀರಿ. ಹಳ್ಳಿಯವರು ಸಿಟ್ಟಾಗುವುದು ಡ್ರೈವರ್ ಮೇಲೆ, ಕಾರಣ ಇರುವುದು ಮೂವತ್ತೈದು ಕಿಲೋಮೀಟರ್ ಆಚೆಯ ಸರ್ಕಲ್ಲಿನಲ್ಲಿ.

ಇನ್ನೊಂದು, ಗಾಡಿಗಳು ಜೋಡಿಯಾಗಿ ಬರುವುದು. ಹತ್ತು ನಿಮಿಷಕ್ಕೊಂದರಂತೆ ಬಂದರೆ ಜನ ಸರಾಸರಿ 5 ನಿಮಿಷ ಕಾಯುತ್ತಾರೆ. ಅದೇ ಎರಡು ಗಾಡಿ ಒಂದರ ಬೆನ್ನಿಗೊಂದು 2 ನಿಮಿಷದ ಅಂತರದಲ್ಲಿ ಬಂದು, ಆಮೇಲೆ 18 ನಿಮಿಷ ಏನೂ ಇಲ್ಲದಿದ್ದರೆ ಸರಾಸರಿ 8 ನಿಮಿಷ ದಾಟುತ್ತದೆ. ನಿಮಿಷಕ್ಕೊಬ್ಬರಂತೆ ಬಂದವರಲ್ಲಿ ಇಪ್ಪತ್ತಕ್ಕೆ ಹದಿನೆಂಟು ಮಂದಿ ಆ ಉದ್ದ ಖಾಲಿಯಲ್ಲೇ ಸಿಗುತ್ತಾರೆ. ರಿಜಿಸ್ಟರಿನಲ್ಲಿ ಎರಡೂ ಒಂದೇ: ತಾಸಿಗೆ ಆರು ಬಸ್.

5.
ವೇಗದ ಗಾಡಿ ಬಂದರೆ ಇಳಿದು ಹತ್ತುವುದು ಹೆಚ್ಚುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ, ಅಂದರೆ ಬಿಆರ್‌ಟಿಎಸ್ ಬಸ್ಸು, ಓಡಲು ಶುರುವಾದದ್ದು 2018ರ ಅಕ್ಟೋಬರ್ 2ಕ್ಕೆ, ಪ್ರಾಯೋಗಿಕವಾಗಿ. ಉದ್ಘಾಟನೆ ಆದದ್ದು 2020ರ ಫೆಬ್ರುವರಿಯಲ್ಲಿ, ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ. ಸುಮಾರು 22 ಕಿಲೋಮೀಟರ್ ಉದ್ದ, ಬಹುಪಾಲು ರಸ್ತೆಯ ನಡುವೆ ಬಸ್ಸಿಗಷ್ಟೇ ದಾರಿ, ಬಸ್ಸಿನ ನೆಲಕ್ಕೆ ಸರಿಸಮ ಕಟ್ಟೆ, ಟಿಕೆಟ್ ಹತ್ತುವ ಮೊದಲೇ ಕೌಂಟರಿನಲ್ಲಿ. ವಿಶ್ವಬ್ಯಾಂಕಿನ ನೆರವು, ಎಸಿ ಗಾಡಿ. ಮೊಣಕಾಲು ನೋವಿನವರು ಮೆಟ್ಟಿಲು ಹತ್ತದೆ ನೇರ ಒಳಗೆ ನಡೆದು ಹೋಗುವುದನ್ನು ನೋಡಿ ನನಗೆ ಖುಷಿಯಾಯಿತು. ನಾನು ಕಂಡಕ್ಟರ್ ಆಗಿದ್ದಾಗ ಎಷ್ಟು ಅಜ್ಜಿಯರನ್ನು ರಟ್ಟೆ ಹಿಡಿದು ಎಳೆದು ಹತ್ತಿಸಿದ್ದೇನೋ.

ಆದರೆ ಅದರಲ್ಲಿ ಕಂಡಕ್ಟರ್ ಇಲ್ಲ. ಕಂಡಕ್ಟರ್ ಟಿಕೆಟ್ ಹರಿಯುವವನಷ್ಟೇ ಎಂದುಕೊಂಡವರಿಗೆ ಇದು ಉಳಿತಾಯವಾಗಿ ಕಾಣುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಬಸ್ ಹತ್ತಿದ ಕೂಡಲೇ ಹೇಳುತ್ತಿದ್ದ ಮೊದಲ ಮಾತು "ತಮ್ಮಾ, ಕೆಎಂಸಿ ಬಂದಾಗ ಹೇಳಪಾ, ನನಗ ಗೊತ್ತಾಗಂಗಿಲ್ಲ." ಹೇಳಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದರು. ಈಗ ಹೇಳುವ ಕೆಲಸ ಸ್ಪೀಕರಿನದ್ದು. ಅದು ಎಲ್ಲರಿಗೂ ಹೇಳುತ್ತದೆ, ಮಲಗಿದವರನ್ನು ಎಬ್ಬಿಸುವುದಿಲ್ಲ.

ಇದಕ್ಕೆ ಚಿಗರಿ ಬೇಡ ಎಂದು ನಾನು ಹೇಳುತ್ತಿಲ್ಲ. ನಡು ರಸ್ತೆಯ ದಾರಿ ಇಲ್ಲದಿದ್ದರೆ ಉಣಕಲ್, ನವನಗರದ ಸಾಲಿನಲ್ಲಿ ಎಲ್ಲ ಬಸ್ಸೂ ಆಟೊ ಹಿಂದೆ ತೆವಳಬೇಕು. ನಾನು ಹೇಳುವುದಿಷ್ಟು. ಬೆನ್ನೆಲುಬಿನಂಥ ಒಂದು ದಾರಿ ಕಟ್ಟಿದಾಗ ಉಳಿದ ಗಾಡಿಗಳನ್ನು ಅದಕ್ಕೆ ತಂದು ಜೋಡಿಸುವ ಜಾಗ ಮೊದಲು ಕಟ್ಟಬೇಕು. ಗದಗ ರಸ್ತೆಯ ಗಾಡಿ ಇಳಿಸುವ ಜಾಗದಿಂದ ಚಿಗರಿಯ ಕಟ್ಟೆಗೆ ಎಷ್ಟು ಹೆಜ್ಜೆ? ನೆರಳಿದೆಯೇ? ಹೊಗೆ ಉಗುಳುವ ಲಾರಿ ಎದುರು ಅರ್ಧ ರಸ್ತೆ ದಾಟಬೇಕೇ? ಗೋಧಿ ಚೀಲ ಹೊತ್ತವರಿಗೆ, ಕಂಕುಳಲ್ಲಿ ಕೂಸಿದ್ದವರಿಗೆ ನೂರು ಹೆಜ್ಜೆ ಮುನ್ನೂರಾಗುತ್ತದೆ. ಬಸ್ಸಿನಲ್ಲಿ ಉಳಿದ ಹದಿನೈದು ನಿಮಿಷ ಅಲ್ಲಿ ಖರ್ಚಾದರೆ, ಅವರ ಕೈಗಡಿಯಾರದಲ್ಲಿ ಏನೂ ಬದಲಾಗಲಿಲ್ಲ. ಖಾಸಗಿ ಬೇಂದ್ರೆ ಗಾಡಿಗೆ ಜನ ಈಗಲೂ ಯಾಕೆ ಕೈ ಮಾಡುತ್ತಾರೆ ಎಂದು ಕೇಳುವವರಿಗೆ ಇದರಲ್ಲಿ ಉತ್ತರದ ಒಂದು ತುಂಡಿದೆ. ಅದು ರಸ್ತೆ ಬದಿಯಲ್ಲೇ ನಿಲ್ಲುತ್ತದೆ. (ವರಕವಿಯ ಹೆಸರು ಬಸ್ಸಿಗೆ ಅಂಟಿಕೊಂಡು "ಬೇಂದ್ರೆ ಬಂತು ನೋಡು, ಓಡು" ಎಂದು ಜನ ಕೂಗುವುದು ಧಾರವಾಡದಲ್ಲಷ್ಟೇ ಸಾಧ್ಯ.)

6.
ಬೋರ್ಡಿನ ಮೇಲೆ ಸರ್ಕಾರಿ ಹೆಸರಲ್ಲ, ಬಾಯಿಯ ಹೆಸರು ಬರೆಯಿರಿ. 1957ರಲ್ಲಿ ಶುರುವಾದ ಮೆಡಿಕಲ್ ಕಾಲೇಜು ಕೆಎಂಸಿ. ಆಮೇಲೆ ಕಿಮ್ಸ್ ಆಯಿತು, ಬೋರ್ಡುಗಳು ಬದಲಾದವು, ಹಳೆಯ ಜನ ಕೆಎಂಸಿ ಎನ್ನುವುದನ್ನು ಬಿಡಲಿಲ್ಲ. ಈಗ ಸಂಸ್ಥೆಯೇ ಕೆಎಂಸಿಆರ್‌ಐ ಎಂದು ಹೆಸರು ತಿರುಗಿಸಿಕೊಂಡಿದೆ. ನಮ್ಮ ಅಜ್ಜಿಯರು ಗೆದ್ದರು. "ಚಿಗರಿ" ಎಂಬ ಹೆಸರು ಕೂಡ ಹಾಗೆಯೇ ನಿಂತಿತು. ಬಿಆರ್‌ಟಿಎಸ್ ಎಂದು ಶಲವಡಿಯಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ.

7.
ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟನ್ನು ಬರೀ ಖರ್ಚಿನ ಚೀಟಿ ಎಂದು ನೋಡಬೇಡಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳ ಪ್ರತಿ ಉಚಿತ ಪ್ರಯಾಣವೂ ಎಲ್ಲಿಂದ ಎಲ್ಲಿಗೆ ಎಂದು ಮಷೀನಿನಲ್ಲಿ ದಾಖಲಾಗುತ್ತಿದೆ. ನನ್ನ ಕಾಲದಲ್ಲಿ ಪಾಸಿನ ಹುಡುಗರು ಬಾಗಿಲಲ್ಲಿ ಜೋತುಬಿದ್ದು ಹೋಗುತ್ತಿದ್ದರು, ಗಳಿಕೆಯ ಕಾಲಂನಲ್ಲಿ ಆ ಗಾಡಿ ಅರ್ಧ ಖಾಲಿ ಎಂದು ಕಾಣುತ್ತಿತ್ತು. ಆ ಖಾಲಿ ಕಾಲಂ ನಂಬಿ ಗಾಡಿ ಕಡಿಮೆ ಮಾಡಿದ ಪಾಪ ನನ್ನ ತಲೆಯ ಮೇಲಿದೆ. ಈಗ ಮಾರ್ಗ ಬರೆಯುವವರ ಕೈಯಲ್ಲಿ ನನಗೆ ಸಿಗದಿದ್ದ ಲೆಕ್ಕವಿದೆ. ಯಾವ ಊರಿನ ಕೂಲಿ ಹೆಣ್ಣುಮಕ್ಕಳು ಎಷ್ಟು ಗಂಟೆಗೆ ಯಾವ ಕ್ರಾಸಿನಲ್ಲಿ ಇಳಿಯುತ್ತಾರೆ ಎಂಬುದು ಅದರಲ್ಲಿದೆ. ಯಾರಾದರೂ ತೆಗೆದು ಓದಬೇಕು.

8.
ಎಲ್ಲವನ್ನೂ ಒಂದೇ ದಿನ ಬದಲಿಸಬೇಕೆ, ಸ್ವಲ್ಪ ಸ್ವಲ್ಪವಾಗಿಯೇ? ದಕ್ಷಿಣ ಕೊರಿಯದ ಸೋಲ್ ನಗರ 2004ರ ಜುಲೈ 1ರಂದು ಒಂದೇ ಬೆಳಗ್ಗೆ ಬಸ್ಸುಗಳ ನಂಬರು, ಬಣ್ಣ, ದಾರಿ, ಟಿಕೆಟ್ ಕಾರ್ಡು ಎಲ್ಲ ಬದಲಿಸಿತು. ಮೊದಲ ದಿನ ಕಾರ್ಡಿನ ಯಂತ್ರಗಳು ಕೈಕೊಟ್ಟು ಗದ್ದಲವಾಗಿ ಮೇಯರ್ ಕ್ಷಮೆ ಕೇಳಬೇಕಾಯಿತು. ಆಮೇಲೆ ಅದೇ ವ್ಯವಸ್ಥೆಯನ್ನು ನೋಡಲು ಬೇರೆ ದೇಶದವರು ಬಂದರು. ಅಮೆರಿಕದ ಹ್ಯೂಸ್ಟನ್ 2015ರ ಆಗಸ್ಟ್ 16ರಂದು ಅದನ್ನೇ ಮಾಡಿತು, ಆದರೆ ಭಾನುವಾರ ನೋಡಿ. ನನಗೆ ಭಾನುವಾರದ ಬುದ್ಧಿ ಇಷ್ಟವಾಯಿತು. ನಾವು ಹೊಸ ಟೈಮು ಜಾರಿಗೆ ತಂದದ್ದು ಜೂನ್ ಮೊದಲ ಸೋಮವಾರ. ಶಾಲೆ ಶುರು, ಮಳೆ ಶುರು, ಬಿತ್ತನೆ ಶುರು. ಬೆಣ್ಣಿಹಳ್ಳ ತುಂಬಿದ ದಿನ ಹೊಸ ಟೈಮೂ ಇಲ್ಲ, ಹಳೆ ಟೈಮೂ ಇಲ್ಲ.

9.
ತಡವಾಗಿ ಬಂದ ಗಾಡಿಗೆ ಜನ ಬೈಯುತ್ತಾರೆ, ಬೈದು ಹತ್ತುತ್ತಾರೆ. ಟೈಮಿಗೆ ಮೊದಲೇ ಹೋದ ಗಾಡಿಗೆ ಬೈಯಲು ಎದುರಿಗೆ ಗಾಡಿಯೇ ಇರುವುದಿಲ್ಲ. ಇಳಿದು ಹತ್ತುವವರ ಪಾಲಿಗೆ ಇದು ಇನ್ನೂ ಕಠಿಣ: ಒಂದು ಗಾಡಿ ಎರಡು ನಿಮಿಷ ಬೇಗ ಹೋದರೆ ಮುಂದಿನ ಎರಡೂ ತಪ್ಪುತ್ತವೆ. ಕಂಟ್ರೋಲರ್ ಆಗಿದ್ದಾಗ ಬೇಗ ಬಿಟ್ಟವರ ಲಾಗ್‌ಶೀಟಿನ ಮೇಲೆ ನಾನು ಗೀಟು ಹಾಕುತ್ತಿದ್ದೆ, ತಡ ಮಾಡಿದವರನ್ನು ಹೆಚ್ಚಾಗಿ ಸುಮ್ಮನೆ ಬಿಡುತ್ತಿದ್ದೆ. ಡ್ರೈವರುಗಳು ನನಗೆ ಉಲ್ಟಾ ಸಾಹೇಬ ಎಂದು ಹೆಸರಿಟ್ಟಿದ್ದರು.

ಈಗಲೂ ಚಟ ಬಿಟ್ಟಿಲ್ಲ. ಹಳೆಯ ಲಗ್ನಪತ್ರಿಕೆಯ ಬೆನ್ನಿಗೆ ಗಾಡಿಗಳ ಟೈಮ್ ಬರೆದಿಡುತ್ತೇನೆ. ನಿನ್ನೆ ಬೆಳಗಿನ ಅಣ್ಣಿಗೇರಿ ಗಾಡಿ ನಾಲ್ಕು ನಿಮಿಷ ಮೊದಲೇ ಹೋಯಿತು. ಓಣಿಯ ತುದಿಯಿಂದ ಒಬ್ಬ ತಾಯಿ ಕೈ ಎತ್ತಿ ಓಡಿ ಬರುತ್ತಿದ್ದಳು, ಬಗಲಲ್ಲಿ ಎಕ್ಸ್-ರೇ ಕವರು. ಅವಳಿಗೆ ಮುಂದಿನ ಗಾಡಿಯ ಟೈಮ್ ಹೇಳಿ, ಕಟ್ಟೆಯ ನೆರಳಿಗೆ ಸರಿದು ಜಾಗ ಕೊಟ್ಟೆ.