ಹಾಯಿದೋಣಿಯಲ್ಲಿ ಆಪತ್ತು: ರಕ್ಷಣಾ ಸಾಮಗ್ರಿ ಮತ್ತು ಪ್ರಥಮ ಚಿಕಿತ್ಸೆ

ದೆಹಲಿಗೂ ಕಡಲಿಗೂ ಏನು ಸಂಬಂಧ ಎಂದು ಕೇಳುವವರುಂಟು. 1982ರಲ್ಲಿ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆದಾಗಲೂ ಹಾಯಿದೋಣಿಯ ಸ್ಪರ್ಧೆಗಳನ್ನು ಮುಂಬಯಿಯ ಕಡಲಿನಲ್ಲಿ ಏರ್ಪಡಿಸಬೇಕಾಯಿತು; ಫಾರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಭಾರತಕ್ಕೆ ಚಿನ್ನದ ಪದಕ ಗಳಿಸಿಕೊಟ್ಟದ್ದು ಅಲ್ಲಿಯೇ. ಆದರೆ ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ರಕ್ಷಿಸುವ ರಾಷ್ಟ್ರೀಯ ಹೊಣೆಯನ್ನು ಹೊತ್ತಿರುವ ಕೋಸ್ಟ್ ಗಾರ್ಡಿನ ಪ್ರಧಾನ ಕಚೇರಿ ಇರುವುದು ಇದೇ ದೆಹಲಿಯಲ್ಲಿ. ರಾಜಧಾನಿಯ ಕನ್ನಡಿಗರಲ್ಲಿ ನೌಕಾಪಡೆಯ ಸೇವೆಯಲ್ಲಿರುವವರಿದ್ದಾರೆ. ಮಕ್ಕಳನ್ನು ನೈನಿತಾಲಿನ ಸರೋವರಕ್ಕೂ ಗೋವೆಯ ಕಡಲಿಗೂ ಹಾಯಿದೋಣಿಯ ಅಭ್ಯಾಸಕ್ಕಾಗಿ ಕಳುಹಿಸುವವರಿದ್ದಾರೆ. ಚಳಿಗಾಲದ ರಜೆಯಲ್ಲಿ ಊರಿಗೆ ಹೋದಾಗ ಕಾರವಾರದಲ್ಲಿಯೋ ಮಲ್ಪೆಯಲ್ಲಿಯೋ ದೋಣಿ ಹತ್ತದ ಕುಟುಂಬ ವಿರಳ. ಆದುದರಿಂದ ಈ ವಿಷಯ ನಮ್ಮದಲ್ಲವೆಂದು ಪುಟ ಮಗುಚುವುದು ಸರಿಯಲ್ಲ.

ಈ ವಿಷಯದಲ್ಲಿ ಪಾಠವಾಗಬಲ್ಲ ಘಟನೆಯೊಂದು 2018ರ ಸೆಪ್ಟೆಂಬರಿನಲ್ಲಿ ನಡೆಯಿತು. ಭಾರತೀಯ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿಯವರು ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆಯಲ್ಲಿ ಏಕಾಂಗಿಯಾಗಿ ಭೂಪ್ರದಕ್ಷಿಣೆ ಹೊರಟಿದ್ದರು. ಅವರ ದೋಣಿಯ ಹೆಸರು ತುರೀಯ, ಗೋವೆಯಲ್ಲಿ ನಿರ್ಮಾಣವಾದದ್ದು. ಜುಲೈ 1ರಂದು ಫ್ರಾನ್ಸಿನ ತೀರವನ್ನು ಬಿಟ್ಟ ಅವರು ಸೆಪ್ಟೆಂಬರ್ 21ರ ಹೊತ್ತಿಗೆ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ, ಆಸ್ಟ್ರೇಲಿಯದ ಪರ್ತ್ ನಗರದಿಂದ ಸುಮಾರು ಮೂರೂವರೆ ಸಾವಿರ ಕಿಲೋಮೀಟರ್ ದೂರದಲ್ಲಿದ್ದರು. ಅಂದಿನ ಚಂಡಮಾರುತದಲ್ಲಿ ತುರೀಯ ಪೂರ್ತಿ ಮಗುಚಿ ಮೇಲೆದ್ದಿತು. ಹಾಯಿಕಂಬ ಮುರಿಯಿತು. ಟೋಮಿಯವರ ಬೆನ್ನುಮೂಳೆಗೆ ಬಲವಾದ ಪೆಟ್ಟು ಬಿದ್ದು, ಹಾಸಿಗೆಯಿಂದ ಏಳಲಾರದಂತಾದರು.

ಮುಂದೆ ನಡೆದುದು ವಿಚಾರಾರ್ಹವಾದುದು. ಅವರ ಬಳಿ ಏನೂ ಇರಲಿಲ್ಲವೆಂದಲ್ಲ. ಉಪಗ್ರಹದ ಮೂಲಕ ಮಾತನಾಡುವ ದೂರವಾಣಿ, ಸಂದೇಶ ಕಳುಹಿಸುವ ಎರಡನೆಯ ಯಂತ್ರ, ಇವೆಲ್ಲವನ್ನೂ ಆಪತ್ಕಾಲದ ಚೀಲವೊಂದರಲ್ಲಿ ಕ್ರಮವಾಗಿ ಕಟ್ಟಿಡಲಾಗಿತ್ತು. ದೋಣಿ ಮುಳುಗುವಾಗ ಎತ್ತಿಕೊಂಡು ಹೊರಬರಲೆಂದು ಸಿದ್ಧಪಡಿಸಿದ ಚೀಲವದು. ಆದರೆ ಅದನ್ನು ಎತ್ತಿಕೊಳ್ಳುವವನಿಗೆ ಕಾಲಿರುತ್ತದೆ, ಬೆನ್ನಿರುತ್ತದೆ ಎಂಬ ಊಹೆಯ ಮೇಲೆ ಆ ಸಿದ್ಧತೆ ನಿಂತಿತ್ತು. ಕಾಲ್ಬೆರಳು ಅಲುಗಿಸಬಲ್ಲೆ, ಮೈ ಜೋಮು ಹಿಡಿದಿದೆ, ತಿನ್ನಲು ಕುಡಿಯಲು ಆಗುತ್ತಿಲ್ಲ, ಚೀಲವನ್ನು ಮುಟ್ಟುವುದು ಕಷ್ಟ ಎಂಬ ಅರ್ಥದ ಚಿಕ್ಕ ಸಂದೇಶ ಅವರಿಂದ ಬಂದಿತು. ಅದು ಬಂದದ್ದು ಪಕ್ಕದಲ್ಲಿಯೇ ಉಳಿದಿದ್ದ ಮೊದಲನೆಯ ಸಣ್ಣ ಯಂತ್ರದಿಂದ. ಕೆಲವು ಅಡಿಗಳ ಅಂತರದಲ್ಲಿದ್ದ ಚೀಲ, ಆ ಸ್ಥಿತಿಯಲ್ಲಿ, ಪರ್ತ್ ನಗರದಷ್ಟೇ ದೂರವಾಗಿತ್ತು.

ಸೆಪ್ಟೆಂಬರ್ 23ರಂದು ಮಾರಿಷಸ್ಸಿನಿಂದ ಹೊರಟ ನೌಕಾಪಡೆಯ ವಿಮಾನ ಆ ದೋಣಿಯನ್ನು ಗುರುತಿಸಿತು. ಮರುದಿನ ಓಸಿರಿಸ್ ಎಂಬ ಫ್ರೆಂಚ್ ನೌಕೆಯವರು ಗಾಳಿದೋಣಿಯಲ್ಲಿ ಬಂದು, ಸ್ಟ್ರೆಚರಿನ ಮೇಲೆ ಅವರನ್ನು ಸಾಗಿಸಿ, ವೈದ್ಯರಿದ್ದ ಆಮ್‌ಸ್ಟರ್‌ಡ್ಯಾಮ್ ದ್ವೀಪಕ್ಕೆ ತಲುಪಿಸಿದರು. ಅಲ್ಲಿಂದ ನೌಕಾಪಡೆಯ ಸಾತ್ಪುರ ಹಡಗು ಅವರನ್ನು ಭಾರತಕ್ಕೆ ಕರೆತಂದಿತು. ಬೆನ್ನುಮೂಳೆಗೆ ಟೈಟಾನಿಯಂ ಸಲಾಕೆಗಳನ್ನು ಅಳವಡಿಸಿ ಐದು ಮಣಿಗಳನ್ನು ಒಂದಾಗಿ ಬೆಸೆಯಲಾಯಿತು. ಅದೇ ಬೆನ್ನಿನಿಂದ ಅವರು 2022ರಲ್ಲಿ ಮತ್ತೆ ಅದೇ ಸ್ಪರ್ಧೆಗೆ ಇಳಿದು, 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು.

ಇಂತಹ ಪ್ರಸಂಗ ಒಂದೇ ಅಲ್ಲ. 2008ರ ಡಿಸೆಂಬರಿನಲ್ಲಿ ಫ್ರಾನ್ಸಿನ ಯಾನ್ ಎಲಿಯೆಸ್ ಎಂಬ ಏಕಾಂಗಿ ನಾವಿಕನ ತೊಡೆಯೆಲುಬು ಆಸ್ಟ್ರೇಲಿಯದ ದಕ್ಷಿಣಕ್ಕೆ ನಡುಗಡಲಿನಲ್ಲಿ ಮುರಿಯಿತು. ಸಹಸ್ಪರ್ಧಿಯೊಬ್ಬ ತನ್ನ ದೋಣಿಯನ್ನು ಹತ್ತಿರ ತಂದು ಕಾವಲು ನಿಂತನಾದರೂ ಒಳಗೆ ಬರಲಾಗಲಿಲ್ಲ. ಆಸ್ಟ್ರೇಲಿಯದ ಯುದ್ಧನೌಕೆ ಬರುವವರೆಗೆ ಎಲಿಯೆಸ್ ಎರಡು ದಿನ ಹಾಸಿಗೆಯಲ್ಲಿ ಕಾಯಬೇಕಾಯಿತು. ರಕ್ಷಣಾ ಸಾಮಗ್ರಿಯ ಪಟ್ಟಿ ಮಾಡುವಾಗ ಏನೇನಿದೆ ಎಂದು ಎಣಿಸುವುದು ವಾಡಿಕೆ. ಮಲಗಿದವನ ಕೈಗೆ ಏನೇನು ಎಟುಕುತ್ತದೆ ಎಂದು ಎಣಿಸುವುದು ಅಪರೂಪ. ತೀರ ಬಿಡುವ ಮುನ್ನ ದೋಣಿಯ ಪ್ರತಿಯೊಬ್ಬನೂ ತನ್ನ ಹಾಸಿಗೆಯಲ್ಲಿ ಮಲಗಿ, ಸೊಂಟವನ್ನು ಅಲುಗಿಸದೆ, ಒಂದೇ ಕೈಯನ್ನು ಚಾಚಿ ನೋಡಬೇಕು. ನೀರಿನ ಶೀಸೆ, ವಾಂತಿ ತಡೆಯುವ ಔಷಧ, ನೋವಿನ ಮಾತ್ರೆ, ಸಿಳ್ಳು, ಟಾರ್ಚು, ಸಂದೇಶ ಯಂತ್ರ, ಇಷ್ಟು ಕೈಗೆ ಸಿಕ್ಕದಿದ್ದರೆ ಸಿದ್ಧತೆ ಅಪೂರ್ಣವೆಂದೇ ತಿಳಿಯಬೇಕು.

ಇನ್ನು ಜೀವರಕ್ಷಕ ಜಾಕೀಟಿನ ವಿಚಾರ. ಎಲ್ಲ ಜಾಕೀಟುಗಳೂ ಒಂದೇ ಬಗೆಯವಲ್ಲ. ಅವುಗಳ ತೇಲುವ ಶಕ್ತಿಯನ್ನು ನ್ಯೂಟನ್ ಎಂಬ ಮಾನದಲ್ಲಿ ಮುದ್ರಿಸಿರುತ್ತಾರೆ. 50 ನ್ಯೂಟನ್ನಿನದು ಈಜು ಬಲ್ಲವನಿಗೆ, ದಡದ ಹತ್ತಿರಕ್ಕೆ ಮಾತ್ರ. 100ರದು ಶಾಂತವಾದ ನೀರಿಗೆ. ಪ್ರಜ್ಞೆ ತಪ್ಪಿದವನನ್ನು ಅಲೆಯ ನಡುವೆ ಮುಖ ಮೇಲಾಗಿ ತಿರುಗಿಸಬೇಕಾದರೆ ಸಾಮಾನ್ಯವಾಗಿ 150 ಬೇಕು. ದಪ್ಪ ಉಡುಪು ತೊಟ್ಟು ಆಳದ ಕಡಲಿಗೆ ಹೋಗುವವರಿಗೆ 275. ಎಷ್ಟೇ ಒಳ್ಳೆಯ ಜಾಕೀಟಾದರೂ ತೊಡೆಗಳ ನಡುವಿನ ಪಟ್ಟಿಯನ್ನು ಬಿಗಿಯದಿದ್ದರೆ ನೀರಿನಲ್ಲಿ ಅದು ಮೇಲೇರುತ್ತದೆ, ಮನುಷ್ಯ ಕೆಳಗಿಳಿಯುತ್ತಾನೆ. ಮಕ್ಕಳ ವಿಷಯದಲ್ಲಿ ಈ ಪಟ್ಟಿ ಅತ್ಯವಶ್ಯಕ. ಗಾಳಿ ತುಂಬುವ ಬಗೆಯದಾದರೆ ಅದರ ಅನಿಲದ ಡಬ್ಬಿ ಭದ್ರವಾಗಿ ತಿರುಚಿದೆಯೇ ಎಂದು ಪ್ರತಿ ಸಲವೂ ನೋಡಬೇಕು. ಅದು ಅಲುಗಾಟಕ್ಕೆ ತಾನಾಗಿಯೇ ಸಡಿಲವಾಗುವುದುಂಟು.

ಜಾಕೀಟು ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು ಎಂಬುದಕ್ಕೆ ದೂರದ ಉದಾಹರಣೆ ಬೇಡ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಮಂದಿ ಸತ್ತರು. ದೆಹಲಿಯ ಸಮೀಪದಲ್ಲಿಯೇ, ಬಾಗ್‌ಪತ್ ಜಿಲ್ಲೆಯಲ್ಲಿ, 2017ರ ಸೆಪ್ಟೆಂಬರ್ 14ರಂದು ಯಮುನೆಯನ್ನು ದಾಟುತ್ತಿದ್ದ ದೋಣಿ ಮುಳುಗಿ ಸುಮಾರು ಇಪ್ಪತ್ತು ಮಂದಿ ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಕೂಲಿಗೆ ಹೊರಟ ಹೆಂಗಸರು. ಇವು ಹಾಯಿದೋಣಿಗಳಲ್ಲ, ನಿಜ. ಆದರೆ ನೀರಿಗೆ ಆ ಭೇದ ತಿಳಿಯದು. ಕಾಲೋನಿಯ ಈಜುಕೊಳದಲ್ಲಿ ಪದಕ ಪಡೆದ ಹುಡುಗನಿಗೂ ಉಡುಪು, ಬೂಟು, ಅಲೆ ಮತ್ತು ಗಾಬರಿ ಕೂಡಿದಾಗ ಈಜು ಮರೆತುಹೋಗುತ್ತದೆ.

ಹಾಯಿದೋಣಿಯಲ್ಲಿ ನೀರಿಗೆ ಬೀಳದಿರುವುದೇ ಮೊದಲ ರಕ್ಷಣೆ. ಅದಕ್ಕಾಗಿ ಎದೆಗೆ ಕಟ್ಟಿದ ಪಟ್ಟಿಯಿಂದ ಹಗ್ಗವೊಂದನ್ನು ದೋಣಿಗೆ ಕೊಕ್ಕೆ ಹಾಕುತ್ತಾರೆ. ಈ ಕೊಕ್ಕೆಯ ಮೇಲೂ ಕುರುಡು ನಂಬಿಕೆ ಸಲ್ಲದು. 2017ರ ನವೆಂಬರಿನಲ್ಲಿ ಕ್ಲಿಪ್ಪರ್ ಸ್ಪರ್ಧೆಯ ನಾವಿಕನೊಬ್ಬ ನೀರಿಗೆ ಬಿದ್ದಾಗ, ಅವನ ಕೊಕ್ಕೆ ದೋಣಿಯ ಅಟ್ಟದ ಮೇಲಿನ ಹಗ್ಗ ಸುತ್ತುವ ಗೂಟದ ಕೆಳಗೆ ಸಿಕ್ಕಿ, ಅಡ್ಡಲಾಗಿ ಎಳೆತ ಬಿದ್ದು, ಬಾಗಿ ಬಿಚ್ಚಿಕೊಂಡಿತು. ಅವನು ಬದುಕುಳಿಯಲಿಲ್ಲ. ಕೊಕ್ಕೆಯು ನೇರವಾದ ಎಳೆತಕ್ಕೆ ಬಲವಾದದ್ದು, ಅಡ್ಡ ಎಳೆತಕ್ಕಲ್ಲ. ಹಗ್ಗ ಗಿಡ್ಡವಾಗಿದ್ದು, ಬಿದ್ದವನು ದೋಣಿಯ ಅಂಚಿನಲ್ಲಿಯೇ ಉಳಿಯುವಂತಿರಬೇಕು. ಬೂಮ್ ಎಂದು ಕರೆಯುವ ಅಡ್ಡಮರ ಗಾಳಿ ತಿರುಗಿದಾಗ ಬೀಸಿ ತಲೆಗೆ ಬಡಿಯುತ್ತದೆ. ಹಾಯಿದೋಣಿಯ ತಲೆಪೆಟ್ಟುಗಳಿಗೆ ಇದು ಪ್ರಮುಖ ಕಾರಣ. ಸರೋವರದ ಮಕ್ಕಳ ದೋಣಿಯೂ ಇದಕ್ಕೆ ಹೊರತಲ್ಲ. ಪೆಟ್ಟು ಬಿದ್ದವನು ಎದ್ದು ನಗುತ್ತಿದ್ದರೂ ಒಂದು ದಿನದ ಮಟ್ಟಿಗೆ ಒಬ್ಬನೇ ಬಿಡಬಾರದು. ಮತ್ತೆ ಮತ್ತೆ ವಾಂತಿ, ತೂಕಡಿಕೆ, ಮಾತಿನ ತೊದಲು ಕಂಡರೆ ತೀರಕ್ಕೆ ತಿರುಗಬೇಕು.

ಯಾರಾದರೂ ನೀರಿಗೆ ಬಿದ್ದರೆ ಒಬ್ಬನು ಕಣ್ಣು ಕೀಳದೆ ಅವರತ್ತ ಕೈ ತೋರುತ್ತಲೇ ಇರಬೇಕು. ಆ ಒಬ್ಬನಿಗೆ ಬೇರೆ ಕೆಲಸ ಹೇಳಬಾರದು. ಅಲೆಗಳ ನಡುವೆ ತಲೆಯೊಂದು ತೆಂಗಿನಕಾಯಿಗಿಂತ ದೊಡ್ಡದಾಗಿ ಕಾಣುವುದಿಲ್ಲ. ಒಮ್ಮೆ ಕಣ್ಣು ತಪ್ಪಿದರೆ ಮತ್ತೆ ಸಿಗದು. ಮೇಲೆತ್ತುವಾಗ ಸಾಧ್ಯವಾದಷ್ಟೂ ಅಡ್ಡವಾಗಿ ಎತ್ತಬೇಕು. ಬಹಳ ಹೊತ್ತು ನೀರಿನಲ್ಲಿದ್ದವನ ಕಾಲುಗಳನ್ನು ನೀರಿನ ಒತ್ತಡ ಹಿಡಿದಿರುತ್ತದೆ. ಅವನನ್ನು ತೋಳು ಹಿಡಿದು ನೆಟ್ಟಗೆ ಎಳೆದರೆ ಆ ಒತ್ತಡ ಒಮ್ಮೆಲೇ ತಪ್ಪಿ, ರಕ್ತ ಕೆಳಗಿಳಿದು, ಪಾರಾದೆನೆಂದುಕೊಂಡ ಗಳಿಗೆಯಲ್ಲಿಯೇ ಹೃದಯ ಕೈಕೊಡಬಹುದು. ನಮ್ಮ ಕಡಲು ಬೆಚ್ಚಗಿನದೆಂಬ ಸಮಾಧಾನವೂ ಅರ್ಧ ಸತ್ಯ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಹೀರುವುದರಿಂದ, ಗಂಟೆಗಟ್ಟಲೆ ತೇಲಿದವನು ಅರಬ್ಬೀ ಸಮುದ್ರದಲ್ಲಿಯೂ ನಡುಗುತ್ತಾನೆ.

ಮುಳುಗಿ ಉಸಿರು ನಿಂತವನಿಗೆ ಮೊದಲು ಬೇಕಾದುದು ಉಸಿರು. ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗನ್ನು ಹಿಡಿದು, ಬಾಯಿಗೆ ಬಾಯಿಟ್ಟು ಐದು ಬಾರಿ ಉಸಿರೂದಬೇಕು. ಅನಂತರ ಎದೆಯ ನಡುವೆ 30 ಬಾರಿ ಒತ್ತು, ಎರಡು ಉಸಿರು, ಹೀಗೆ ನಿಲ್ಲಿಸದೆ ಮುಂದುವರಿಸಬೇಕು. ಹೊಟ್ಟೆಯನ್ನು ಅಮುಕಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ನಮ್ಮಲ್ಲಿ ಇಂದಿಗೂ ಕಾಣುವ ಪದ್ಧತಿಗಳು. ಇವುಗಳಿಂದ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ನುಗ್ಗುವುದಲ್ಲದೆ ಅಮೂಲ್ಯವಾದ ನಿಮಿಷಗಳು ವ್ಯರ್ಥವಾಗುತ್ತವೆ. ಚೇತರಿಸಿಕೊಂಡಂತೆ ಕಂಡವನನ್ನೂ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಕೆಲವು ಗಂಟೆಗಳ ಮೇಲೆ ಉಸಿರಾಟ ಕೆಡಬಹುದು.

ಕಡಲಬೇನೆಯನ್ನು ಹಾಸ್ಯದ ವಿಷಯವೆಂದು ಎಣಿಸುವುದುಂಟು. ಟೋಮಿಯವರ ಸಂದೇಶಗಳನ್ನು ನೆನೆದರೆ ಹಾಸ್ಯ ನಿಲ್ಲುತ್ತದೆ: ಕುಡಿದುದೆಲ್ಲ ವಾಂತಿಯಾಗುತ್ತಿತ್ತು. ವಾಂತಿಯಾಗುತ್ತಿರುವಾಗ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದು. ಆದುದರಿಂದ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ಮಾತ್ರೆ ತೆಗೆದುಕೊಳ್ಳುವುದು ಕ್ರಮ. ದೀರ್ಘ ಯಾನದ ಔಷಧ ಪೆಟ್ಟಿಗೆಯಲ್ಲಿ ಗುದದ್ವಾರದಿಂದಲೋ ಸೂಜಿಯಿಂದಲೋ ಕೊಡುವ ಬಗೆಯೂ ಇರಬೇಕು, ಕೊಡಲು ಬಲ್ಲವರೂ ಇರಬೇಕು. ಓಆರ್‌ಎಸ್ ಪೊಟ್ಟಣಗಳನ್ನು ಮರೆಯಬಾರದು. ಅವನ್ನು ಗುಟುಕು ಗುಟುಕಾಗಿ ಕುಡಿಸಬೇಕು. ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನು ಎರಡು ಪಾಲು ಮಾಡಿ, ನೀರು ಹೊಗದ ಎರಡು ಚೀಲಗಳಲ್ಲಿ, ದೋಣಿಯ ಎರಡು ಕಡೆ ಇಡುವುದು ಲೇಸು. ಒಂದು ಕಡೆ ನೀರು ನುಗ್ಗಿದರೂ ಇನ್ನೊಂದು ಉಳಿಯುತ್ತದೆ.

ಪೆಟ್ಟಾಗುವವನು ನಾಯಕನೇ ಆದರೆ ಗತಿಯೇನು? ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಇಬ್ಬರೇ ತಾರಿಣಿ ದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಭೂಪ್ರದಕ್ಷಿಣೆ ಮುಗಿಸಿ, 2025ರ ಮೇ 29ರಂದು ಮರಳಿದರು. ಇಬ್ಬರಿರುವ ದೋಣಿಯಲ್ಲಿ ಒಬ್ಬರು ಬಿದ್ದರೆ ಉಳಿದವರೇ ಚುಕ್ಕಾಣಿ, ಉಳಿದವರೇ ದಾದಿ, ಉಳಿದವರೇ ರೇಡಿಯೋ. ಭಾನುವಾರದ ವಿಹಾರಕ್ಕೆ ಹೊರಟ ಕುಟುಂಬದ ದೋಣಿಯ ಸ್ಥಿತಿಯೂ ಬಹುಮಟ್ಟಿಗೆ ಇದೇ. ನಡೆಸಬಲ್ಲವನು ಒಬ್ಬ, ಉಳಿದವರು ಪ್ರಯಾಣಿಕರು. ಹಾಯಿ ಇಳಿಸುವುದು ಹೇಗೆ, ರೇಡಿಯೋದ 16ನೆಯ ಚಾನೆಲ್ಲಿನಲ್ಲಿ ಕರೆಯುವುದು ಹೇಗೆ ಎಂಬುದನ್ನು ಇನ್ನೊಬ್ಬರಿಗಾದರೂ ದಡದಲ್ಲಿಯೇ ಕಲಿಸಬೇಕು. ಭಾರತದ ತೀರದಲ್ಲಿ ಮೊಬೈಲಿಗೆ ಸಂಪರ್ಕ ಸಿಗುವಷ್ಟು ಹತ್ತಿರವಿದ್ದರೆ 1554ಕ್ಕೆ ಕರೆ ಮಾಡಿದರೆ ಕೋಸ್ಟ್ ಗಾರ್ಡ್ ದೊರೆಯುತ್ತದೆ.

ಅದಕ್ಕಿಂತ ದೂರ ಹೋಗುವವರ ಕೊನೆಯ ಆಸರೆ ಆಪತ್ಸೂಚಕ ಬೀಕನ್. ಒತ್ತಿದೊಡನೆ ಅದು 406 ಮೆಗಾಹರ್ಟ್ಜ್ ತರಂಗಾಂತರದಲ್ಲಿ ಉಪಗ್ರಹಗಳಿಗೆ ಮೊರೆಯಿಡುತ್ತದೆ. ಭಾರತದ ಪಾಲಿನ ಮೊರೆಗಳು ಬಂದು ಸೇರುವುದು ಬೆಂಗಳೂರಿಗೆ. ಇಸ್ರೋ ಸಂಸ್ಥೆಯ ಇಸ್ಟ್ರ್ಯಾಕ್ ಕೇಂದ್ರದಲ್ಲಿ ಇದರ ನಿಯಂತ್ರಣ ಕಚೇರಿಯಿದೆ. ನೆಲದ ಮೇಲಿನ ಗ್ರಾಹಕ ನಿಲ್ದಾಣಗಳು ಬೆಂಗಳೂರು ಮತ್ತು ಲಖನೌಗಳಲ್ಲಿವೆ. ನಡುಗಡಲಿನಲ್ಲಿ ಕೂಗಿದ್ದು ಮೊದಲು ಕೇಳಿಸುವುದು ಕನ್ನಡನಾಡಿನ ನಡುನೆಲದಲ್ಲಿ ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ಮನೆಯಲ್ಲಿ ಉಳಿದವರ ಪಾತ್ರ ಆರಂಭವಾಗುವುದು ಇಲ್ಲಿಂದ. ಬೀಕನ್ನನ್ನು ಕೊಂಡವರು ಅದನ್ನು ನೋಂದಾಯಿಸಿ, ದೋಣಿಯ ವಿವರವನ್ನೂ ದಡದಲ್ಲಿರುವ ಒಬ್ಬರ ದೂರವಾಣಿ ಸಂಖ್ಯೆಯನ್ನೂ ಕೊಡಬೇಕು. ಕೈತಪ್ಪಿ ಒತ್ತಿದ ಸುಳ್ಳು ಕರೆಗಳು ಬಹಳವಾದುದರಿಂದ, ಅಧಿಕಾರಿಗಳು ಆ ಸಂಖ್ಯೆಗೆ ಫೋನು ಮಾಡಿ ವಿಚಾರಿಸುತ್ತಾರೆ. ದೋಣಿ ನಿಜವಾಗಿ ಹೊರಟಿದೆಯೇ, ಎಷ್ಟು ಜನ, ಯಾವ ದಾರಿ, ಹಾಯಿಯ ಬಣ್ಣವೇನು, ಯಾರಿಗೆ ಯಾವ ಕಾಯಿಲೆ, ಯಾವ ಔಷಧ ಒಗ್ಗದು? ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ರಕ್ತದ ಗುಂಪಿನೊಡನೆ, ಫೋನಿನ ಬಳಿ ಇಟ್ಟಿರುವ ಮನೆಯವರು ಅರ್ಧ ರಾತ್ರಿಯಲ್ಲಿಯೂ ತಡವರಿಸದೆ ಹೇಳಬಲ್ಲರು. ದೆಹಲಿಯ ಕನ್ನಡಿಗರು ಸರ್ಕಾರಿ ವಸತಿಯಿಂದ ಸ್ವಂತ ಮನೆಗೆ, ರಾಮಕೃಷ್ಣಪುರದಿಂದ ದ್ವಾರಕೆಗೋ ನೋಯ್ಡಾಕ್ಕೋ ಬಿಡಾರ ಬದಲಿಸುತ್ತಲೇ ಇರುವವರು. ಪಡಿತರ ಚೀಟಿಯ ವಿಳಾಸ ಬದಲಿಸುವಾಗ ಬೀಕನ್ನಿನ ನೋಂದಣಿ ಯಾರ ನೆನಪಿಗೂ ಬರುವುದಿಲ್ಲ. ಹಳೆಯ ಸಂಖ್ಯೆಯೇ ಅಲ್ಲಿ ಉಳಿದಿದ್ದರೆ, ಬೆಂಗಳೂರಿಗೆ ಮೊರೆ ಮುಟ್ಟಿದ ರಾತ್ರಿ ಫೋನು ಬೇರೆ ಯಾರದೋ ಮನೆಯಲ್ಲಿ ಬಡಿದುಕೊಳ್ಳುತ್ತದೆ.