ಪಟ್ಟಣದ ಹೊಸ ಮನೆಯೂ ಕೈಕೆಲಸವೂ

ವಿವಾಹದಿಂದಲೋ ಉದ್ಯೋಗದಿಂದಲೋ ಕರಾವಳಿಯನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರು ನಮ್ಮಲ್ಲಿ ಅನೇಕರುಂಟು. ಹೊಸ ಊರಿನಲ್ಲಿ ಮನೆ ಹೂಡುವ ವಿಷಯವಾಗಿ ಒಂದು ಪಾಠವನ್ನು ಬರೆಯಬೇಕೆಂದು ಈ ಸಂಚಿಕೆಯ ಸಂಪಾದಕರು ಕೇಳಿಕೊಂಡರು. ಹೊಲಿಗೆಯ ತರಗತಿಯಲ್ಲಿ ಎಂದೂ ಒಳ್ಳೆಯ ಅಂಕಗಳನ್ನು ಪಡೆಯದ ನಾನು ಇದಕ್ಕೆ ತಕ್ಕವಳೇ ಎಂಬ ಸಂದೇಹವಿದ್ದರೂ, ಕಂಡುದನ್ನು ಕಂಡ ಹಾಗೆ ಬರೆಯುವೆನು.

2019ರಲ್ಲಿ ನಾವು ಮಂಗಳೂರಿನ ಹೆಂಚಿನ ಮನೆಯನ್ನು ಮಾರಿ, ಬೆಂಗಳೂರಿನಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆಯೊಂದಕ್ಕೆ ಬಂದೆವು. ಎಪ್ಪತ್ತೆಂಟು ವರ್ಷ ಪ್ರಾಯದ ನನ್ನ ಅತ್ತೆಯವರು ತಮ್ಮ ಸೀರೆಯ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಅದನ್ನು ಮಂಚದ ಪಕ್ಕದಲ್ಲಿಟ್ಟುಕೊಂಡು, ಸಂಜೆಯಾಗುತ್ತಲೇ, "ನಾವು ಮನೆಗೆ ಹೋಗುವುದು ಯಾವಾಗ?" ಎಂದು ಕೇಳುವರು. ಮನೆ ಮಾರಿದ್ದು ಅವರಿಗೆ ತಿಳಿಯದ್ದಲ್ಲ. ಕಾಗದಕ್ಕೆ ರುಜು ಹಾಕಿದವರು ಅವರೇ. ನಾನು ಏನು ಉತ್ತರ ಕೊಟ್ಟರೂ ಅವರು ಅರ್ಧ ಊಟ ಬಿಟ್ಟು ಏಳುವರು.

ಮನೆಯನ್ನು ಅಂದಗೊಳಿಸಿದರೆ ಅವರಿಗೆ ಹಿತವಾದೀತೆಂದು ನಾನು ಮೊದಲು ಅಂಗಡಿಯನ್ನು ನಂಬಿದೆನು. ಗೋಡೆಗೆ ಮೊಳೆ ಹೊಡೆಯಬಾರದೆಂಬ ಕರಾರು ಇದ್ದುದರಿಂದ ಚಿತ್ರಗಳನ್ನು ಕಪಾಟಿನ ಮೇಲೆ ಒರಗಿಸಿಟ್ಟೆನು. ಪರದೆಗಳನ್ನು ಸಿದ್ಧವಾದವುಗಳನ್ನೇ ತಂದೆನು. ಇಲ್ಲಿ ಎರಡು ತಪ್ಪುಗಳನ್ನು ಮಾಡಿದೆನೆಂದು ಹೇಳಲೇಬೇಕು. ಪರದೆಯ ಬಟ್ಟೆ ಕಿಟಕಿಯ ಅಗಲಕ್ಕೆ ಒಂದೂವರೆಯಿಂದ ಎರಡು ಪಾಲು ಇದ್ದರೆ ಮಾತ್ರ ನೆರಿಗೆ ನಿಲ್ಲುವುದು. ನನ್ನದು ಹಲಗೆಯಂತೆ ತೂಗಿತು. ಹತ್ತಿಯ ಬಟ್ಟೆಯನ್ನು ಒಗೆದು ಒಣಗಿಸಿದ ಬಳಿಕವೇ ಅಳತೆ ಮಾಡಿ ಕತ್ತರಿಸತಕ್ಕದ್ದು. ನನ್ನದು ಮೊದಲ ಒಗೆತಕ್ಕೆ ನಾಲ್ಕು ಬೆರಳು ಕುಗ್ಗಿತು. ಅತ್ತೆಯವರು ಅದನ್ನು ನೋಡಿ ಏನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಸಂತೋಷವಾಗುತ್ತಿತ್ತು.

ಅವರನ್ನು ಮಾತಿಗೆ ಎಳೆದುದು ಡಿಸೆಂಬರಿನ ಚಳಿ. ಕರಾವಳಿಯಲ್ಲಿ ತೆಳುವಾದ ಒಂದು ಹೊದಿಕೆಯಿಂದ ವರುಷವೆಲ್ಲ ಕಳೆಯುವುದು. ಬೆಂಗಳೂರಿನ ಚಳಿಗಾಲದ ರಾತ್ರಿಗಳಿಗೆ ಅದು ಸಾಲದು. ಕೆಳಗಿನ ಮನೆಯಲ್ಲಿ ಗದಗಿನ ಕಡೆಯ ವೃದ್ಧೆಯೊಬ್ಬರಿದ್ದರು. ಅತ್ತೆಯವರು ನಡುಗುವುದನ್ನು ಕಂಡು ತಮ್ಮ ಕೌದಿಯನ್ನು ತಂದು ಹೊದಿಸಿ, "ಹಳೇ ಸೀರಿ ಇದ್ರ ತೆಗೀರಿ ಅಕ್ಕಾರ, ನಿಮಗೂ ಒಂದು ಹೊಲಿಯೋಣಂತ" ಎಂದರು. ಅತ್ತೆಯವರು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಹರಿದದ್ದನ್ನು ಹೊಲಿಯಬಹುದು, ಹರಿಯದ್ದನ್ನು ಕತ್ತರಿಸುವುದು ಯಾಕೆ?" ಎಂದರು. ಹರಿಯದ್ದನ್ನು ಕೌದಿಗೆ ಹಾಕುವುದು ತಮ್ಮಲ್ಲಿಯೂ ಇಲ್ಲವೆಂದು ಆಕೆ ಹೇಳಿದ ಮೇಲೆ ಪೆಟ್ಟಿಗೆ ತೆರೆಯಿತು. ಇಬ್ಬರೂ ಒಂದು ಮಧ್ಯಾಹ್ನವಿಡೀ ಸೀರೆಗಳನ್ನು ಬೆಳಕಿಗೆ ಹಿಡಿದು, ಸವೆದುದನ್ನೂ ಸವೆಯದುದನ್ನೂ ಬೇರೆಮಾಡಿದರು. ಒಂದೊಂದು ಸೀರೆಗೂ ಒಂದೊಂದು ಕಥೆ ಹೊರಟಿತು. ಅವುಗಳಲ್ಲಿ ಹೆಚ್ಚಿನವು ನನಗೂ ಹೊಸವು.

ಕೌದಿಯ ಕ್ರಮ ಹೀಗೆ. ಮೆತ್ತಗಾದ ಹತ್ತಿಯ ಸೀರೆಯನ್ನು ಉದ್ದದಲ್ಲಿ ಎರಡಾಗಿ ಮಡಿಸಿದರೆ ಸುಮಾರು 9 ಅಡಿ ಉದ್ದ, 4 ಅಡಿಗೆ ಸ್ವಲ್ಪ ಕಡಿಮೆ ಅಗಲ ಬರುವುದು. ಒಬ್ಬರ ಹೊದಿಕೆಗೆ ಅಷ್ಟು ಸಾಕು. ಆ ಎರಡು ಪದರಗಳ ನಡುವೆ ಹಳೆಯ ಪಂಚೆ, ಹಾಸುಬಟ್ಟೆ ಮುಂತಾದುವನ್ನು ಸುಕ್ಕಿಲ್ಲದಂತೆ ಹರಡಿ, ಮೇಲೆ ಬಣ್ಣದ ತುಂಡುಗಳನ್ನು ಅಂಚು ಮಡಿಸಿ ಕೂರಿಸಬೇಕು. ಬಳಿಕ ಸೂಜಿಯನ್ನು ಎಲ್ಲ ಪದರಗಳ ಮೂಲಕ ಮೇಲೆ ಕೆಳಗೆ ಸಾಗಿಸುತ್ತ, ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರದಲ್ಲಿ ಹೊಲಿಯಬೇಕು. ಸಾಲುಗಳು ವಿರಳವಾದರೆ ಒಳಗಿನ ಬಟ್ಟೆ ಒಗೆತದಲ್ಲಿ ಜಾರಿ ಮುದ್ದೆಯಾಗುವುದು. ದಾರ ಹತ್ತಿಯದೇ ಆಗಿರಲಿ. ನೈಲಾನಿನ ಗಟ್ಟಿ ದಾರವು ಹಳೆಯ ಬಟ್ಟೆಯನ್ನು ಕೊಯ್ಯುವುದು. ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಗೆ ಬರುವುದು ಆ ಅಜ್ಜಿಯ ಪದ್ಧತಿ. "ಅಂಚು ಗಟ್ಟಿ ಆದ್ರ ನಡುವು ತಾನ ಸುಮ್ಮನ ಕೂಡ್ತದ" ಎಂಬುದು ಅವರ ಮಾತು. ಹಳಿಯಾಳ, ಯಲ್ಲಾಪುರಗಳ ಸೀಮೆಯ ಸಿದ್ದಿ ಮಹಿಳೆಯರ ಕೌದಿಗಳೂ ಅಂಚಿನಿಂದ ನಡುವಿಗೆ ಸಾಗುವಂಥವು. ಅವರು ನಾಲ್ಕು ಮೂಲೆಗಳಿಗೂ ಬಣ್ಣದ ಬಟ್ಟೆಯನ್ನು ಮಡಿಸಿ 'ಫುಲ' ಎಂಬ ಹೂವನ್ನು ಹೊಲಿಯುವುದುಂಟು. ನಮ್ಮ ಕೌದಿಗೂ ನಾಲ್ಕು ಹೂಗಳು ಬಂದವು. ಅಂಗಡಿಯ ಪರದೆಗಳನ್ನು ಬಿಚ್ಚಿ ತೆಗೆದು, ಉಳಿದ ಸೀರೆಯ ಅಂಚುಗಳಿಂದ ಅತ್ತೆಯವರೇ ಬೇರೆ ಪರದೆಗಳನ್ನು ಮಾಡಿದರು. ನೆರಿಗೆ ಚೆನ್ನಾಗಿ ನಿಂತಿತು.

ಅದೇ ತಿಂಗಳಲ್ಲಿ ಕ್ರಿಸ್‌ಮಸ್ಸಿಗೆ ರವೆ ಮತ್ತು ತೆಂಗಿನಕಾಯಿಯ ಕೇಕು ಮಾಡಲು ಅವರು ಒಪ್ಪಿದರು. ಊರಿನಲ್ಲಿ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸಿದ ಕೈ ಅವರದು. ಇಲ್ಲಿಯ ವಿದ್ಯುತ್ತಿನ ಒಲೆಯಲ್ಲಿ ಕೇಕು ಬೇಗನೆ ಉಬ್ಬಿ, ಹೊರತೆಗೆಯುವಷ್ಟರಲ್ಲಿ ನಡುವೆ ಕುಳಿಬಿದ್ದಿತು. "ಈ ಊರು ನನಗೆ ಆಗುವುದಿಲ್ಲ" ಎಂದು ಹೇಳಿ ಅವರು ಒಳಗೆ ಹೋದರು. ಕೌದಿಯೂ ಮೂರು ದಿನ ಮಡಿಸಿದಂತೆಯೇ ಬಿದ್ದಿತ್ತು.

ಆದರೆ ತಪ್ಪು ಅವರ ಕೈಯದಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದು. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ನೀರು ಸಹ 97 ಡಿಗ್ರಿಯ ಸುಮಾರಿಗೆ ಕುದಿಯುವುದು. ಬೇಕಿಂಗ್ ಪೌಡರಿನಿಂದ ಹುಟ್ಟುವ ಅನಿಲವು ಕಡಿಮೆ ಒತ್ತಡದಲ್ಲಿ ಹೆಚ್ಚು ಹಿಗ್ಗುವುದರಿಂದ, ಮೊಟ್ಟೆಯೂ ಹಿಟ್ಟೂ ಬೆಂದು ಗಟ್ಟಿಯಾಗುವ ಮೊದಲೇ ಕೇಕು ಮೇಲೇರಿ, ಆಧಾರ ಸಾಲದೆ ಕುಸಿಯುವುದು. ಈ ಎತ್ತರದಲ್ಲಿ ವ್ಯತ್ಯಾಸವು ದೊಡ್ಡದಲ್ಲ; ಆದರೆ ಅತ್ತೆಯವರ ಅಳತೆಯಲ್ಲಿ ಪೌಡರು ಮೊದಲೇ ಧಾರಾಳವಾಗಿತ್ತು. ಒಂದು ಚಮಚವಿದ್ದುದನ್ನು ಮುಕ್ಕಾಲಿಗೆ ಇಳಿಸಿ, ಒಣ ಹವೆಗಾಗಿ ಎರಡು ಚಮಚ ಹಾಲು ಹೆಚ್ಚಿಸಿದೆವು. ಚಿಕ್ಕ ಒಲೆಗಳ ಗುಂಡಿ ತೋರಿಸುವ ಶಾಖವನ್ನು ನಂಬದೆ ಒಳಗೊಂದು ಉಷ್ಣಮಾಪಕವನ್ನು ಇಡುವುದು ಒಳ್ಳೆಯದು. ನಮ್ಮದರಲ್ಲಿ 15 ಡಿಗ್ರಿ ಹೆಚ್ಚಿತ್ತು.

ಈಸ್ಟ್ ಹಾಕಿದ ಹಿಟ್ಟಿನ ಸಂಗತಿ ಬೇರೆ. ಎತ್ತರವು ಅದನ್ನು ಬೇಗ ಉಬ್ಬಿಸುವುದಾದರೂ ಇಲ್ಲಿಯ ಚಳಿ ತಡೆಯುವುದು. ಆದುದರಿಂದ ಗಡಿಯಾರವನ್ನು ಬಿಟ್ಟು, ಹಿಟ್ಟು ಎರಡರಷ್ಟಾಗುವುದನ್ನು ಕಣ್ಣಿನಿಂದ ನೋಡತಕ್ಕದ್ದು. ಸನ್ನಾಣಕ್ಕೆ ಊರಿನಲ್ಲಿ ಹಾಕುತ್ತಿದ್ದ ಕಳ್ಳಿನ ಬದಲಿಗೆ ಇಲ್ಲಿ ನಾವು ಈಸ್ಟನ್ನೇ ಹಾಕುವೆವು. ರುಚಿ ಅದೇ ಎಂದು ಅತ್ತೆಯವರು ಇದುವರೆಗೂ ಒಪ್ಪಿಲ್ಲ.

ಎರಡನೆಯ ಕೇಕು ಸಮನಾಗಿ ಬಂದಿತು. ಅತ್ತೆಯವರು ಅದನ್ನು ಬೆರಳಿನಿಂದ ಒತ್ತಿ ನೋಡಿ, ಅರ್ಧವನ್ನು ಕೆಳಗಿನ ಮನೆಗೆ ತಾವೇ ಕೊಂಡುಹೋದರು. ಆ ಮೂರು ಮಹಡಿಯ ಮೆಟ್ಟಿಲುಗಳನ್ನು ಅವರು ಒಬ್ಬರೇ ಇಳಿದುದು ಅದೇ ಮೊದಲು. ಮರಳಿ ಬಂದು ತಮ್ಮ ಹಳೆಯ ಪಾಕದ ಪುಸ್ತಕವನ್ನು ತೆಗೆದು, ಮೊದಲಿನ ಅಳತೆಯ ಕೆಳಗೆ ಹೊಸದನ್ನು ಬರೆದು, ಪಕ್ಕದಲ್ಲಿ 'ಬೆಂಗಳೂರಿಗೆ' ಎಂದು ಗುರುತು ಹಾಕಿದರು. ಹಳೆಯದನ್ನು ಹೊಡೆದುಹಾಕಲಿಲ್ಲ. ಮಳೆಗಾಲದ ಸಂಜೆಗಳಲ್ಲಿ ಆ ಪ್ರಶ್ನೆಯನ್ನು ಅವರು ಇಂದಿಗೂ ಒಮ್ಮೊಮ್ಮೆ ಕೇಳುವುದುಂಟು. ಆಗ ನಾನು ಸೂಜಿಗೆ ದಾರ ಪೋಣಿಸಿ ಕೊಡುವೆನು. ಈಗ ಎರಡನೆಯ ಕೌದಿ ನಡೆಯುತ್ತಿದೆ, ಕೆಳಗಿನ ಮನೆಯ ಮೊಮ್ಮಗುವಿಗಾಗಿ.