ಸಣ್ಣ ಇಂಜಿನ್ ದೋಣಿಯಲ್ಲಿ ಸ್ಥಿರವಾದ ಎಣ್ಣೆ ಟಾಂಕಿಯ ಜೋಡಣೆ

ಲಿಂಗಸುಗೂರು ತಾಲ್ಲೂಕಿನ ಉತ್ತರದಲ್ಲಿ ಕೃಷ್ಣೆಯೂ ಸಿಂಧನೂರು ತಾಲ್ಲೂಕಿನ ದಕ್ಷಿಣದಲ್ಲಿ ತುಂಗಭದ್ರೆಯೂ ಹರಿಯುತ್ತವೆ. ಮಸ್ಕಿಯ ಸಮೀಪದಲ್ಲಿ ಮಸ್ಕಿ ಹಳ್ಳಕ್ಕೆ ಕಟ್ಟಿದ ಜಲಾಶಯವಿದೆ. ಈ ಸೀಮೆಯಲ್ಲಿ ತೆಪ್ಪ, ಹರಿಗೋಲುಗಳು ಬಹುಕಾಲದಿಂದ ರೂಢಿಯಲ್ಲಿವೆ. ಅವಕ್ಕೆ ಹುಟ್ಟು ಸಾಕು, ಎಣ್ಣೆ ಬೇಡ. ಆದರೆ ಪ್ರವಾಹಕಾಲದಲ್ಲಿ ತೆಪ್ಪವನ್ನು ನಂಬಲಾಗದು. 2019ರ ಆಗಸ್ಟ್ ತಿಂಗಳಿನಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿನಲ್ಲಿ ಶೀಲಹಳ್ಳಿಯ ಸೇತುವೆ ಮುಳುಗಿ, ಕೃಷ್ಣೆಯ ನಡುಗಡ್ಡೆಗಳ ಜನರಿಗೆ ದಾರಿ ಕಡಿದುಹೋಗಿತ್ತು. ಇಂತಹ ವೇಳೆಯಲ್ಲಿ ಇಂಜಿನ್ ದೋಣಿಯೇ ದಿಕ್ಕು. ಇಂಜಿನ್ನು ನಡುಹೊಳೆಯಲ್ಲಿ ನಿಂತರೆ ದೋಣಿಯು ಸೆಳವಿನ ಪಾಲಾಗುವುದು. ಹೊರಳಾಡುವ ಡಬ್ಬಿಗಿಂತ ದೋಣಿಗೆ ಬಿಗಿದ ಟಾಂಕಿಯು ಮೇಲು; ಆದರೆ ಅದನ್ನು ಕ್ರಮವರಿತು ಜೋಡಿಸತಕ್ಕದ್ದು.

ಅಪಾಯದ ಮೂಲ.— ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು. ಅದು ಮೇಲೇರಿ ಚದುರದೆ ದೋಣಿಯ ತಳದಲ್ಲಿ ನೀರಿನಂತೆ ನಿಲ್ಲುವುದು. ಬ್ಯಾಟರಿಯ ಒಂದು ಕಿಡಿ ತಾಗಿದರೂ ದೋಣಿಯೆಲ್ಲವೂ ಹೊತ್ತಿಕೊಳ್ಳುವುದು. ಎಣ್ಣೆಯಾಗಲಿ ಆವಿಯಾಗಲಿ ದೋಣಿಯ ಒಳಗೆ ನಿಲ್ಲದಂತೆ ಮಾಡುವುದೇ ಮುಂದಿನ ನಿಯಮಗಳೆಲ್ಲದರ ಉದ್ದೇಶ.

ಸ್ಥಳ.— ಟಾಂಕಿಯು ದೋಣಿಯ ನಡುಗೆರೆಯ ಮೇಲೆ ತಗ್ಗಿನಲ್ಲಿರಬೇಕು. 50 ಲೀಟರು ಪೆಟ್ರೋಲಿನ ತೂಕ ಸುಮಾರು 37 ಕಿಲೋಗ್ರಾಂ. ಈ ಭಾರವು ಒಂದು ಮಗ್ಗುಲಿಗೆ ಬಿದ್ದರೆ ದೋಣಿಯು ವಾಲುವುದು. ಎಣ್ಣೆ ತುಳುಕಾಡದಂತೆ ಟಾಂಕಿಯೊಳಗೆ ರಂಧ್ರಗಳುಳ್ಳ ಅಡ್ಡತಗಡುಗಳಿರಬೇಕು. ಕೆಳಗೆ ನೀರು ಹೀರದ ರಬ್ಬರು ಪಟ್ಟಿಗಳನ್ನಿಟ್ಟು, ಸುತ್ತಲೂ ಗಾಳಿಯಾಡುವಂತೆ ಬಿಗಿಯಬೇಕು. ಒದ್ದೆಯಾದ ಮರವಾಗಲಿ ಗೋಣಿಯಾಗಲಿ ಲೋಹಕ್ಕೆ ತಾಗಿದ್ದರೆ ಅಲ್ಲಿಯೇ ತೂತು ಬೀಳುವುದು.

ಲೋಹ.— ಡೀಸೆಲಿಗೆ ಸತುವಿನ ಲೇಪವುಳ್ಳ ತಗಡು ಕೂಡದು; ಸತುವು ಎಣ್ಣೆಯೊಡನೆ ಕೂಡಿ ಗಷ್ಟನ್ನುಂಟುಮಾಡಿ ಸೋಸುಕವನ್ನು ಕಟ್ಟುವುದು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುವುದರಿಂದ ಅದು ನೀರನ್ನು ಸೆಳೆದುಕೊಳ್ಳುವುದಲ್ಲದೆ ಸಾಧಾರಣ ರಬ್ಬರು ಕೊಳವೆಗಳನ್ನು ಕೆಡಿಸುವುದು. ಅದನ್ನು ತಾಳುವ ಕೊಳವೆಯನ್ನೇ ಹಾಕಿ, ನೀರನ್ನು ಬೇರ್ಪಡಿಸುವ ಸೋಸುಕವನ್ನು ಇಂಜಿನ್ನಿಗೆ ಮೊದಲು ಇಡತಕ್ಕದ್ದು.

ಕೊಳವೆಗಳು.— ಎಣ್ಣೆ ತುಂಬುವ ಬಾಯಿಯು, ಚೆಲ್ಲಿದ ಎಣ್ಣೆ ದೋಣಿಯ ಹೊರಕ್ಕೆ ಹರಿಯುವ ಸ್ಥಳದಲ್ಲಿರಬೇಕು. ಗಾಳಿಕೊಳವೆಯ ತುದಿಯೂ ಹೊರಕ್ಕೇ ತೆರೆದಿರಬೇಕು. ಅಲೆಯ ನೀರು ನುಗ್ಗದಂತೆ ಅದನ್ನು ಮೇಲೆತ್ತಿ ಬಾಗಿಸಬೇಕು. ಪೆಟ್ರೋಲನ್ನು ಟಾಂಕಿಯ ತಳದಿಂದ ತೆಗೆಯದೆ ನೆತ್ತಿಯಿಂದಲೇ ತೆಗೆಯಬೇಕು. ಕೊಳವೆ ಹರಿದಾಗ ಎಣ್ಣೆ ತಾನಾಗಿ ಸುರಿಯದಂತೆ ತಡೆಕವಾಟವನ್ನೂ ಕೈಗೆಟಕುವಲ್ಲಿ ಮುಚ್ಚುಕವಾಟವನ್ನೂ ಇಡಬೇಕು. ಲೋಹದ ಬಾಯಿಯನ್ನೂ ಟಾಂಕಿಯನ್ನೂ ತಂತಿಯಿಂದ ಕೂಡಿಸಿದರೆ, ತುಂಬುವಾಗ ಹುಟ್ಟುವ ವಿದ್ಯುತ್ತು ಕಿಡಿಯಾಗಲಾರದು.

ಪರೀಕ್ಷೆ.— ಎಣ್ಣೆ ಹಾಕುವ ಮೊದಲು ಕೊಳವೆಗಳ ಬಾಯಿ ಮುಚ್ಚಿ, ಚದರ ಅಂಗುಲಕ್ಕೆ 3 ಪೌಂಡು ಮೀರದಂತೆ ಮಾಪಕ ನೋಡಿ ಗಾಳಿ ತುಂಬಬೇಕು. ಐದು ನಿಮಿಷ ಒತ್ತಡ ಇಳಿಯಬಾರದು. ಕೀಲುಗಳಿಗೆ ಹಚ್ಚಿದ ಸಾಬೂನು ನೀರಿನಲ್ಲಿ ಗುಳ್ಳೆ ಏಳಬಾರದು. ಪೆಟ್ರೋಲು ತುಂಬಿದ್ದ ಹಳೆಯ ಟಾಂಕಿಗೆ ಬೆಸುಗೆ ಹಾಕಿಸುವುದು ಪ್ರಾಣಾಪಾಯಕರ. ಬರಿದಾಗಿ ಕಂಡರೂ ಅದರಲ್ಲಿ ಆವಿಯಿರುತ್ತದೆ.

ಬಳಕೆ.— ಟಾಂಕಿಯನ್ನು ಕಂಠಮಟ್ಟ ತುಂಬಬಾರದು. ಬೆಳಗಿನ ತಂಪಿನಲ್ಲಿ ತುಂಬಿದ 50 ಲೀಟರು ಪೆಟ್ರೋಲು, 20 ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಸುಮಾರು ಒಂದು ಲೀಟರಿನಷ್ಟು ಹಿಗ್ಗುವುದು. ರಾಯಚೂರು ಸೀಮೆಯ ಬಿಸಿಲಿನಲ್ಲಿ ಇದು ಅಪರೂಪವಲ್ಲ. ಇಪ್ಪತ್ತರಲ್ಲಿ ಒಂದು ಪಾಲನ್ನಾದರೂ ಬರಿದಾಗಿ ಬಿಡತಕ್ಕದ್ದು. ತುಂಬುವಾಗ ಇಂಜಿನ್ನು ನಿಲ್ಲಿಸಿ ಜನರನ್ನು ಇಳಿಸಬೇಕು. ಬೀಡಿ, ದೀಪಗಳು ಹತ್ತಿರ ಇರಕೂಡದು. ಮತ್ತೆ ಇಂಜಿನ್ನು ಚಾಲೂ ಮಾಡುವ ಮೊದಲು ತಳವನ್ನು ಮೂಸಿ ನೋಡಬೇಕು. ವಾಸನೆಯಿದ್ದರೆ ಅದು ಹೋಗುವವರೆಗೆ ಕಾಯಬೇಕು.

ಎಣ್ಣೆಯ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಉಳಿದ ಪಾಲು ಆಪತ್ತಿಗೆ ಎಂಬ ಲೆಕ್ಕವನ್ನು ದೋಣಿ ನಡೆಸುವವನು ಎಂದೂ ಮರೆಯಬಾರದು. ಸೆಳವಿಗೆ ಎದುರಾಗಿ ಮರಳುವಾಗ ಎಣ್ಣೆಯ ಖರ್ಚು ಹೆಚ್ಚು. ನಡುಗಡ್ಡೆಯಲ್ಲಿ ಕಾದಿರುವವರಿಗೆ ದೋಣಿಯು ಬಂದು ಸೇರುವುದಷ್ಟೇ ಸಾಲದು. ಅವರನ್ನು ದಡ ಮುಟ್ಟಿಸುವಷ್ಟು ಎಣ್ಣೆಯೂ ಅದರಲ್ಲಿ ಉಳಿದಿರಬೇಕು.